ರೊಟ್ಟಿ ಬಡಿಯೋ ಸದ್ದು ಕೇಳಿಸ್ತಾ? ಹಂಗಾದ್ರೆ ಅಲ್ಲೇ ಊಟ

ಹೋದ ವಾರ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಬ್ರೋ, ಕೆಲಸದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತುತಾ ಇರ್ತೀನಿ. ಮ್ಯಾಪಲ್ಲಿ ಹುಡುಕಿದ್ರೆ ಬರೀ ಫ್ಯಾಮಿಲಿ ರೆಸ್ಟೋರೆಂಟು, ಬೇಕರಿ ಬರುತ್ತೆ. ಮನೆಯಂಥ ಊಟ ಎಲ್ಲಿ ಸಿಗುತ್ತೆ?" ಇವತ್ತಿನ ಸಂಚಿಕೆ ಇದರ ಮೇಲೇನೇ.

ಈ ಪಾಡು ನಮ್ಮದು ಮಾತ್ರ ಅಲ್ಲ. ಇಟಲಿಯ ರೋಮ್‌ಗೆ ಹೋದ ಪ್ರವಾಸಿಗಳೂ ಇದನ್ನೇ ಕೇಳ್ತಾರೆ. ದೊಡ್ಡ ಸ್ಮಾರಕದ ಪಕ್ಕದಲ್ಲಿ ಫೋಟೋ ಹಾಕಿದ ಮೆನು, ಬಾಗಿಲಲ್ಲಿ ಕರೆಯೋಕೆ ಒಬ್ಬ ಆಸಾಮಿ. ಸ್ಥಳೀಯರು ಉಣ್ಣೋ ಜಾಗ ಬೇರೆ. ಅದಕ್ಕೆ ಅಲ್ಲಿ ತ್ರತ್ತೋರಿಯಾ ಅಂತಾರೆ, ಅಂದ್ರೆ ಸಾದಾ ಊಟದ ಮನೆ. ರೋಮ್‌ನ ತೆಸ್ತಾಚ್ಚೊ ಬಡಾವಣೆಯಲ್ಲಿ ಹಿಂದೆ ಕಸಾಯಿಖಾನೆ ಇತ್ತು. ಒಳ್ಳೆ ಮಾಂಸ ಉಳ್ಳವರಿಗೆ ಹೋಗ್ತಿತ್ತು. ಉಳಿದ ಕರುಳು, ಬಾಲದಲ್ಲಿ ಕೆಲಸಗಾರರ ಅಡುಗೆ ಆಗ್ತಿತ್ತು. ಇವತ್ತು ಅದೇ ಅಡುಗೆ ಆ ಊರಿನ ಹೆಮ್ಮೆ. ಇದರಿಂದ ನಮಗೆ ಒಂದು ಸುಳಿವು ಸಿಗುತ್ತೆ: ಸಾದಾ ಊಟ ಹುಟ್ಟೋದು ದುಡಿಯೋ ಜನ ಇರೋ ಕಡೆ. ಹುಡುಕೋದೂ ಅಲ್ಲೇ.

ನಮ್ಮ ಕಡೆ ತ್ರತ್ತೋರಿಯಾ ಅಂದ್ರೆ ಖಾನಾವಳಿ. ತಾಲೂಕು ಕಚೇರಿ, ಕೋರ್ಟು, ಎಪಿಎಂಸಿ, ಬಸ್ ಸ್ಟ್ಯಾಂಡು, ಸರ್ಕಾರಿ ಆಸ್ಪತ್ರೆ, ಇವುಗಳ ಹಿಂದಿನ ಬೀದಿ ನೋಡಿ. ಮೇನ್ ರೋಡಲ್ಲಿ ಬಾಡಿಗೆ ಜಾಸ್ತಿ, ಖಾನಾವಳಿಗೆ ಅದು ಗಿಟ್ಟಲ್ಲ. ಎಷ್ಟೋ ಕಡೆ ಮನೆಯ ಮುಂದಿನ ಕೋಣೆಯೇ ಹೋಟೆಲು, ಬೋರ್ಡೂ ಇರಲ್ಲ. ಮಧ್ಯಾಹ್ನ ಹನ್ನೆರಡೂವರೆ ಮೇಲೆ ರೊಟ್ಟಿ ಬಡಿಯೋ ಪಟಪಟ ಸದ್ದು ಬಂದ್ರೆ ಅದೇ ಬೋರ್ಡು. ತಡವಾಗಿ ಹೋದ್ರೆ "ಮುಗೀತ್ರೀ" ಅಂತಾರೆ. ಬೇಜಾರಾಗಬೇಡಿ. ಮುಗಿಯೋ ಊಟ ಅಂದ್ರೆ ಅವತ್ತೇ ಮಾಡಿದ ಊಟ.

ಕೇಳೋದ್ರಲ್ಲೂ ಒಂದು ಕ್ರಮ ಇದೆ. "ಇಲ್ಲಿ ಒಳ್ಳೆ ಹೋಟೆಲ್ ಯಾವುದಣ್ಣ?" ಅಂದ್ರೆ ನಿಮ್ಮ ಬ್ಯಾಗು, ಶೂ ನೋಡಿ ಎಸಿ ಇರೋ ಕಡೆ ಕಳಿಸ್ತಾರೆ. ಅದು ಅವರ ಮರ್ಯಾದೆ. "ಅಣ್ಣ, ನೀವು ಮಧ್ಯಾಹ್ನ ಎಲ್ಲಿ ಉಣ್ತೀರಿ?" ಅಂತ ಕೇಳಿ. ಹಮಾಲರನ್ನ, ಕಂಡಕ್ಟರನ್ನ, ಕೋರ್ಟ್ ಮುಂದಿನ ಟೈಪಿಸ್ಟನ್ನ ಕೇಳಿ. ದಿನಾ ಉಣ್ಣೋರು ಸುಳ್ಳು ಹೇಳಲ್ಲ.

ನಾಲ್ಕೂ ಊರಲ್ಲಿ ಒಂದೇ ತಟ್ಟೆ ಅಂದ್ಕೋಬೇಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಬಂದಿದ್ದು ಶಿವಮೊಗ್ಗದಿಂದ, ಜಗಳೂರು ಬಂದಿದ್ದು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯ್ತು. ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆ, ಗದ್ದೆ, ಅಡಿಕೆ ತೋಟ. ಜಗಳೂರು ಮಳೆ ನಂಬಿದ ನೆಲ, ಅಲ್ಲಿ ಮುದ್ದೆಗೂ ರೊಟ್ಟಿಗೂ ಸಮನಾದ ಜಾಗ. ಜೊತೆಗೆ ಕಾಳು ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ. ಸಂಜೆಗೆ ಎಲ್ಲಾ ಕಡೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬೆಣ್ಣೆ ದೋಸೆಗೆ ಹೆಸರು ಬಂತು, ಬೆಂಗಳೂರಲ್ಲೂ ಬೋರ್ಡ್ ಬಿತ್ತು. ಖಾನಾವಳಿ ಊಟಕ್ಕೆ ಆ ಭಾಗ್ಯ ಬಂದಿಲ್ಲ.

ಯಾಕೆ ಬಂದಿಲ್ಲ? ನಾನು ಬಿಕಾಂ ಓದಿದವನು, ಒಂದು ಲೆಕ್ಕ ಹಾಕ್ತೀನಿ. ಹೋಟೆಲ್ ಥರದ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಆಗೋದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ವರ್ಷಕ್ಕೆ 300 ದಿನ ತೆಗೆದ್ರೂ, ಊಟಕ್ಕೆ 80 ರೂಪಾಯಿ ಅಂತ ಹಿಡಿದ್ರೆ, ದಿನಕ್ಕೆ ಸುಮಾರು 83 ಊಟ. ಗಂಡ ಹೆಂಡತಿ ಸೇರಿ ನಡೆಸೋ ಎಷ್ಟೋ ಖಾನಾವಳಿಗಳ ಪ್ರಪಂಚ ಇದರ ಒಳಗೇ ಮುಗಿಯುತ್ತೆ. ಇದರಲ್ಲಿ ಡೆಲಿವರಿ ಆ್ಯಪ್‌ಗೆ ಕಮಿಷನ್ ಎಲ್ಲಿಂದ ಕೊಡ್ತಾರೆ? ಅದಕ್ಕೇ ನಿಮ್ಮ ಫೋನಲ್ಲಿ ಅವರು ಕಾಣಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತಲ್ಲ, ಆಗ ಎಷ್ಟೋ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಬೋರ್ಡ್ ಬಿತ್ತು. ಹಾಗಾಗಿ ಜೇಬಲ್ಲಿ ನೂರಿನ್ನೂರು ಚಿಲ್ಲರೆ ಇಟ್ಕೊಂಡು ಹೋಗಿ.

ಈಗ ಸ್ವಲ್ಪ ಕಷ್ಟದ ಮಾತು. "ಸಾಂಪ್ರದಾಯಿಕ ಊಟ" ಅಂತ ನಾವು ಖುಷಿಯಿಂದ ಹೇಳ್ತೀವಿ. ಆದ್ರೆ ಹಳೇ ಬೋರ್ಡ್ ಓದಿ ನೋಡಿ. ಬಹಳಷ್ಟರಲ್ಲಿ ಊಟದ ಹೆಸರಿಗಿಂತ ಮುಂಚೆ ಜಾತಿ ಹೆಸರಿದೆ. ಕೆಲವರು ಅದನ್ನ ಅಡುಗೆ ಶೈಲಿ ಅಂತಾರೆ. ಇರಬಹುದು. ಆದ್ರೆ ಆ ಬೋರ್ಡ್ ನೋಡಿ ಹೊರಗೇ ನಿಂತವರೂ ಇದ್ರು. ಬೇರೆ ಲೋಟ, ಬೇರೆ ಬೆಂಚು ಇದ್ದ ಕಾಲ ಅದು. ನಮ್ಮ ಸಂವಿಧಾನದ 15ನೇ ವಿಧಿ ಹೋಟೆಲ್ ಅನ್ನೋ ಪದವನ್ನೇ ಬರೆದು, ಜಾತಿ ಕಾರಣಕ್ಕೆ ಯಾರನ್ನೂ ತಡೀಬಾರದು ಅನ್ನುತ್ತೆ. ಅಸ್ಪೃಶ್ಯತೆ ಹೆಸರಲ್ಲಿ ಒಳಗೆ ಬಿಡದಿದ್ರೆ ಅದು ಅಪರಾಧ ಅಂತ 1955ರಲ್ಲೇ ಕಾನೂನು ಬಂತು. ಒಂದು ಊರಿನ ಊಟ ಚೆನ್ನಾಗಿದೆ ಅನ್ನೋ ಮುಂಚೆ, ಆ ಬೆಂಚಿನ ಮೇಲೆ ಯಾರ‍್ಯಾರು ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ ನೋಡಿ. ನನ್ನ ಪ್ರಕಾರ ಒಳ್ಳೆ ಖಾನಾವಳಿಯ ಮೊದಲ ಗುರುತು ಅದು. ರುಚಿ ಆಮೇಲೆ.

ಕೊನೆಯದಾಗಿ ರೀಲ್ಸ್. ಊಟ ಸಿಕ್ಕಿದ ತಕ್ಷಣ ಕೈ ಫೋನಿಗೆ ಹೋಗುತ್ತೆ, ಗೊತ್ತು. ವಿಡಿಯೋ ಓಡಿದ್ರೆ ಭಾನುವಾರ ಕಾರುಗಳು ಬರ್ತವೆ. ಒಲೆ ಮುಂದೆ ಕೂತ ಅಮ್ಮನಿಗೆ ಇರೋದು ಎರಡೇ ಕೈ. ರೊಟ್ಟಿ ಸಾಲಲ್ಲ, ರೇಟ್ ಏರುತ್ತೆ, ತಿಂಗಳ ಲೆಕ್ಕದಲ್ಲಿ ಉಣ್ಣೋ ಮೇಷ್ಟ್ರಿಗೆ, ಹಮಾಲರಿಗೆ ಜಾಗ ಇರಲ್ಲ. ಹಾಗಂತ ಬಚ್ಚಿಡಬೇಕು ಅಂತ ನಾನು ಹೇಳಲ್ಲ. ವ್ಯಾಪಾರ ಬೆಳೀಬೇಕೋ ಬೇಡ್ವೋ ಅನ್ನೋದು ಅವರ ನಿರ್ಧಾರ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅದಕ್ಕೆ ಒಂದು ಮಾತು ಕೇಳಿ: "ಅಮ್ಮಾ, ಹಾಕ್ಲಾ?" ಬೇಡ ಅಂದ್ರೆ ಫೋನ್ ಜೇಬಿಗೆ, ಕೈ ತಟ್ಟೆಗೆ.

ಈ ಸಂಚಿಕೆಯಲ್ಲಿ ನಾನು ಒಂದು ಖಾನಾವಳಿಯ ಹೆಸರನ್ನೂ ಹೇಳದೇ ಇರೋದು ಇದಕ್ಕೇ. ದಾರಿ ಹೇಳಿದ್ದೀನಿ, ಬಾಗಿಲು ನೀವೇ ಹುಡುಕಿ. ಮುಂದಿನ ವಾರ ಸಿಗೋಣ. ಹೊಟ್ಟೆ ತುಂಬ ಉಣ್ಣಿ, ಚಿಲ್ಲರೆ ಸರಿಯಾಗಿ ಕೊಡಿ.