ವಿಜಯನಗರದಿಂದ ಎಂ.ಜಿ. ರಸ್ತೆಗೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಈಗ ತಾನೇ ನಾಲ್ಕು ಜನ ಗಾಲಿಕುರ್ಚಿ ಸಮೇತ ನನ್ನನ್ನು ಎತ್ತಿ ವೇದಿಕೆಗೆ ತಂದರು. ಇಪ್ಪತ್ತು ವರ್ಷದ ಹಿಂದೆ ಇವರೇ ದಿನಾ ನನ್ನನ್ನು ಹೊತ್ತು ತರಗತಿಯಲ್ಲಿ ಕೂರಿಸುತ್ತಿದ್ದರು. ಬಿ.ಇ. ಮುಗಿಸಿ ಕುಳಿತೇ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಭಾರ ಹೆಚ್ಚಾಗಿದೆ, ಕ್ಷಮಿಸಬೇಕು.

"ಬೆಂಗಳೂರಲ್ಲಿ ಹೇಗಪ್ಪಾ ಓಡಾಡ್ತೀಯ?" ಎಂದು ಬೆಳಗ್ಗೆಯಿಂದ ಎಲ್ಲರೂ ಕೇಳುತ್ತಿದ್ದೀರಿ. ಮೊದಲೆಲ್ಲ ಆಟೋ. ಕುರ್ಚಿ ಮಡಚಿ ಹಿಂದೆ ಕಟ್ಟಬೇಕು, ನನ್ನನ್ನು ಎತ್ತಿ ಒಳಗೆ ಕೂರಿಸಬೇಕು. ಚಾಲಕರು ಒಪ್ಪಿದರೆ ಆಫೀಸು, ಇಲ್ಲದಿದ್ದರೆ ಮನೆಯಿಂದ ಒಂದು ಫೋನು.

2016ರ ಏಪ್ರಿಲ್ ಕೊನೆಗೆ ಮೆಟ್ರೊದ ಸುರಂಗ ಮಾರ್ಗ ತೆರೆಯಿತು. ನಮ್ಮ ವಿಜಯನಗರದಿಂದ ಎಂ.ಜಿ. ರಸ್ತೆಗೆ ನೇರ ರೈಲು ಸಿಕ್ಕಿತು. ಲಿಫ್ಟಿನಲ್ಲಿ ಮೇಲೆ ಹೋಗುತ್ತೇನೆ, ಅಗಲವಾದ ಗೇಟಿನಲ್ಲಿ ಕಾರ್ಡು ತೋರಿಸುತ್ತೇನೆ, ಪ್ಲಾಟ್‌ಫಾರಂಗೆ ಇನ್ನೊಂದು ಲಿಫ್ಟು. ಬೋಗಿಯಲ್ಲಿ ಗಾಲಿಕುರ್ಚಿಗೆಂದೇ ಜಾಗ ಬಿಟ್ಟಿದ್ದಾರೆ. ಪ್ಲಾಟ್‌ಫಾರಂ ಮತ್ತು ರೈಲಿನ ನಡುವೆ ಸಣ್ಣ ಸಂದು ಇರುತ್ತದೆ; ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಕೊಳ್ಳಬಹುದು. ಹಾಗಾಗಿ ನಾನು ಹಿಮ್ಮುಖವಾಗಿ ಹತ್ತುತ್ತೇನೆ, ದೊಡ್ಡ ಗಾಲಿ ಮೊದಲು ದಾಟುತ್ತದೆ. ಇದನ್ನು ಕಲಿಯಲು ಒಂದು ವಾರ ಹಿಡಿಯಿತು. ಮೊದಲ ಸಲ ಯಾರ ಕೈಯೂ ತಾಗದೆ ಆಫೀಸು ಮುಟ್ಟಿದ ದಿನ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ನಂಬಲಿಲ್ಲ, "ಜೊತೆಗೆ ಯಾರಿದ್ದರು?" ಎಂದೇ ಕೇಳುತ್ತಿದ್ದಳು.

ಆದರೆ ಹಲವು ಕಿಲೋಮೀಟರ್ ಸಲೀಸಾಗಿ ಬಂದವನಿಗೆ ಕೊನೆಯ 400 ಮೀಟರೇ ಕಷ್ಟ. ಫುಟ್‌ಪಾತು ಮೊಣಕಾಲೆತ್ತರ. ಹತ್ತಿದರೆ ನಡುವೆ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ಯಾರದೋ ಬೈಕು. ಇಳಿದು ರಸ್ತೆಯಲ್ಲೇ ಹೋಗುತ್ತೇನೆ, ಹಿಂದಿನಿಂದ ಹಾರ್ನು. ಸಹಾಯಕ್ಕೆ ಜನ ಓಡಿ ಬರುತ್ತಾರೆ; ಕೇಳದೆಯೇ ಕುರ್ಚಿ ಹಿಡಿದೆತ್ತುತ್ತಾರೆ. ಒಳ್ಳೆಯವರೇ. ಆದರೂ ಎತ್ತಿಸಿಕೊಳ್ಳುವವನಿಗೆ ಒಳಗೊಳಗೇ ಏನಾಗುತ್ತದೆ ಎಂಬುದನ್ನು ಈ ಶಾಲೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಮತ್ತೆ ಎತ್ತಿಸಿಕೊಳ್ಳಬೇಕಾದೀತೆಂದು ನೀರನ್ನೇ ಕುಡಿಯುತ್ತಿರಲಿಲ್ಲ.

ಈಗ ಎಂಟನೇ ತರಗತಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಾಳೆಂದು ಮೇಷ್ಟ್ರು ಹೇಳಿದರು. ತರಗತಿಯ ಮುಂದೆ ಅವೇ 3 ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅಂದರೆ 18 ಅಡಿ. ಬೆಳಗ್ಗೆ ಟೇಪು ಹಿಡಿದು ಅಳೆದಿದ್ದೇವೆ, ನಲ್ಲಿಯ ಕಡೆ ಜಾಗ ಸಾಲುತ್ತದೆ. ಸಿಮೆಂಟು, ಜಲ್ಲಿಯ ಖರ್ಚು ನಮ್ಮ ಬ್ಯಾಚಿನದು. ಗಾರೆ ಕೆಲಸ ಬಲ್ಲವರು ಊಟಕ್ಕೆ ಏಳುವ ಮುಂಚೆ ದಯವಿಟ್ಟು ನನ್ನನ್ನು ಕಾಣಬೇಕು.