ಟು ಯಾವಾಗ, ಇಂಗ್ ಯಾವಾಗ?

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಆದರೂ ಇಂಗ್ಲಿಷ್ ವ್ಯಾಕರಣದ ಮೇಲೆ ನಾಲ್ಕು ಮಾತು ಆಡಿರೆಂದು ಕಾರ್ಯದರ್ಶಿಗಳು ಹೇಳಿದಾಗ ಒಪ್ಪಿಕೊಂಡೆವು. ಯಾಕೆಂದರೆ ಈ ವಿಷಯದಲ್ಲಿ ನಾವು ಒಮ್ಮೆ ತಪ್ಪು ಮಾಡಿದ್ದೇವೆ; ಪೆಟ್ಟು ತಿಂದವರು ಮಾತ್ರ ನಮ್ಮನ್ನು ನಂಬಿದ ನೆರೆಯವರು.

ಅವರು ರಾಯಚೂರು ಕಡೆಯವರು, ಒಂದು ಗೋದಾಮಿನಲ್ಲಿ ರಾತ್ರಿ ಕಾವಲುಗಾರರು. ಗೋದಾಮಿನ ಕೀಲಿಕೈ ಕಾಣೆಯಾಗಿ ಅವರಿಗೆ ಮೆಮೊ ಬಂತು. "ಕೀಲಿಕೈ ಒಪ್ಪಿಸಿದ್ದು ನನಗೆ ಚಲೋ ನೆನಪೈತ್ರಿ, ಹಂಗಂತ ಬರೀರಿ" ಎಂದರು. ನಾವು ಧೈರ್ಯವಾಗಿ ‘ಐ ರಿಮೆಂಬರ್ ಟು ಹ್ಯಾಂಡ್ ಓವರ್ ದ ಕೀ’ ಎಂದು ಬರೆದುಕೊಟ್ಟೆವು. ಮರುದಿನ ಅದೇ ಕಾಗದ ತಿರುಗಿ ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಷರಾ: ನೆನಪಿದ್ದರೆ ನಾಳೆಯೊಳಗೆ ಒಪ್ಪಿಸತಕ್ಕದ್ದು! ನಾವು ಬರೆದದ್ದರ ಅರ್ಥ ‘ಒಪ್ಪಿಸಬೇಕೆಂಬುದು ನೆನಪಿದೆ’ ಎಂದು. ಕೀಲಿಕೈ ಇನ್ನೂ ಅವರ ಬಳಿಯೇ ಇದೆಯೆಂದು ನಾವೇ ಬರೆದುಕೊಟ್ಟ ಹಾಗಾಯಿತು. ‘ಐ ರಿಮೆಂಬರ್ ಹ್ಯಾಂಡಿಂಗ್ ಓವರ್ ದ ಕೀ’ ಎನ್ನಬೇಕಿತ್ತು. ಎರಡನೆಯ ಕಾಗದ ಬರೆದು ಸಮಜಾಯಿಷಿ ಹೇಳುವ ಹೊತ್ತಿಗೆ ಅವರಿಗೆ ನಾಲ್ಕು ದಿನದ ಕೂಲಿ ಹೋಗಿತ್ತು. ಕೀಲಿಕೈ ಕೊನೆಗೆ ಕಚೇರಿಯದೇ ಒಂದು ಮೇಜಿನ ಖಾನೆಯಲ್ಲಿ ಸಿಕ್ಕಿತು. ಅದು ಬೇರೆ ಮಾತು.

ಆ ಮಹರಾಯರು ಕನ್ನಡದಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು. ‘ಒಪ್ಪಿಸಿದ್ದು’ ಎಂದರೇ ಹೊರತು ‘ಒಪ್ಪಿಸಲಿಕ್ಕೆ’ ಎನ್ನಲಿಲ್ಲ. ‘ಮಾಡಲು’, ‘ಮಾಡಲಿಕ್ಕೆ’ ಇವು ಕೃದಂತಾವ್ಯಯಗಳು, ‘ಮಾಡುವುದು’, ‘ಮಾಡುವಿಕೆ’ ಇವು ಕೃದಂತ ಭಾವನಾಮಗಳು ಎಂದು ಶಾಲೆಯಲ್ಲಿ ಉರು ಹೊಡೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಂಗ್ಲಿಷಿನ ಇನ್‌ಫಿನಿಟಿವ್ ಮೊದಲನೆಯದರ ನೆಂಟ, ಜೆರಂಡ್ ಎರಡನೆಯದರ ನೆಂಟ. ‘ಲಿಕ್ಕೆ’ಯಲ್ಲಿರುವ ‘ಕ್ಕೆ’ ನಮ್ಮ ಚತುರ್ಥಿ ವಿಭಕ್ತಿ, ‘ಕೆಲಸಕ್ಕೆ ಹೋದ’ ಎಂಬಲ್ಲಿ ಇರುವುದೇ. ಇಂಗ್ಲಿಷಿನ ‘ಟು’ ಕೂಡ ಮೂಲದಲ್ಲಿ ‘ಕಡೆಗೆ’ ಎಂಬ ಅರ್ಥದ ಶಬ್ದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಟು ಆದಮೇಲೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯ ಪ್ರತ್ಯಯವೇ ಹತ್ತುತ್ತಿತ್ತು. ಆದ್ದರಿಂದ ಟು ಬಂದರೆ ಸಾಮಾನ್ಯವಾಗಿ ಮುಖ ಮುಂದಕ್ಕೆ, ಇನ್ನು ಆಗಬೇಕಾದ ಕೆಲಸದ ಕಡೆಗೆ. ಇಂಗ್ ಬಂದರೆ ಆ ಕೆಲಸವೇ ಒಂದು ವಸ್ತುವಿನ ಹಾಗೆ ನಮ್ಮೆದುರು ನಿಂತಿದೆ.

‘ಹಿ ಸ್ಟಾಪ್ಡ್ ಟು ಸ್ಮೋಕ್’ ಎಂದರೆ ಬೀಡಿ ಸೇದಲಿಕ್ಕೆ ನಿಂತ. ‘ಹಿ ಸ್ಟಾಪ್ಡ್ ಸ್ಮೋಕಿಂಗ್’ ಎಂದರೆ ಸೇದುವುದನ್ನು ಬಿಟ್ಟ. ಹೆಂಡತಿಗೆ ಎರಡನೆಯ ವಾಕ್ಯ ಬೇಕು, ಪಾನ್ ಅಂಗಡಿಯವನಿಗೆ ಮೊದಲನೆಯದು. ನಮ್ಮ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುವ ಭಾಷೆಗಳಲ್ಲೂ ಈ ಭೇದ ಇದ್ದೇ ಇದೆ. ಉರ್ದುವಿನವರು ‘ಪೀನೇ ಕೆ ವಾಸ್ತೆ ಠಹರಾ’, ‘ಪೀನಾ ಛೋಡ್ ದಿಯಾ’ ಎನ್ನುತ್ತಾರೆ. ತೆಲುಗಿನವರು ‘ತಾಗಡಾನಿಕಿ ಆಗಾಡು’, ‘ತಾಗಡಂ ಮಾನೇಶಾಡು’ ಎನ್ನುತ್ತಾರೆ. ಇಂಗ್ಲಿಷಿಗೆ ಬಂದೊಡನೆ ಮಾತ್ರ ನಾವೆಲ್ಲರೂ ಕಂಡಕಂಡಲ್ಲಿ ಟು ಹಾಕುತ್ತೇವೆ. ನಿಜಾಮರ ಕಾಲದಲ್ಲಿ ನಮ್ಮ ಹಿರಿಯರು ಅರ್ಜಿಯನ್ನು ಉರ್ದುವಿನಲ್ಲಿ ಬರೆಸಲು ಪರದಾಡುತ್ತಿದ್ದರಂತೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಮೊದಲು ಉರ್ದುವಿನಲ್ಲೇ ನಡೆಯುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಇಂಗ್ಲಿಷ್.

ಹಾಗಾದರೆ ಕನ್ನಡದಲ್ಲಿ ‘ಲಿಕ್ಕೆ’ ಬಂದಲ್ಲಿ ಟು, ‘ವುದು’ ಬಂದಲ್ಲಿ ಇಂಗ್ ಎಂದು ಕಣ್ಣು ಮುಚ್ಚಿ ಬರೆಯಬಹುದೇ? ಬಹಳ ಕಡೆ ಬರೆಯಬಹುದು, ಎಲ್ಲ ಕಡೆ ಅಲ್ಲ. ‘ಬರುವುದಾಗಿ ಮಾತು ಕೊಟ್ಟ’ ಎನ್ನುವಲ್ಲಿ ‘ಪ್ರಾಮಿಸ್ಡ್ ಟು ಕಮ್’ ಎಂದೇ ಆಗಬೇಕು. ‘ಹಣ ಕಟ್ಟಲು ತಡಮಾಡಿದ’ ಎಂಬುದಕ್ಕೆ ‘ಡಿಲೇಡ್ ಪೇಯಿಂಗ್’ ಎನ್ನಬೇಕು. ಇಂಥಲ್ಲಿ ಬಾಯಿಪಾಠವೇ ಗತಿ. ವಾಂಟ್, ಹೋಪ್, ಪ್ರಾಮಿಸ್, ಅಗ್ರೀ, ರೆಫ್ಯೂಸ್, ಡಿಸೈಡ್ ಇವು ಟು ಬೇಡುತ್ತವೆ. ಅವಾಯ್ಡ್, ಫಿನಿಷ್, ಎಂಜಾಯ್, ಡಿಲೇ, ಸಜೆಸ್ಟ್ ಇವು ಇಂಗ್ ಬೇಡುತ್ತವೆ. ಬಿಗಿನ್, ಸ್ಟಾರ್ಟ್ ಇವಕ್ಕೆ ಯಾವುದಾದರೂ ನಡೆದೀತು.

ಗುಮಾಸ್ತರಾದ ನಾವು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಫಾರ್, ವಿದೌಟ್ ಮುಂತಾದ ಉಪಸರ್ಗಗಳಾದ ಮೇಲೆ ಇಂಗ್ ರೂಪವೇ ಬರಬೇಕು: ‘ಫಾರ್ ಕಮಿಂಗ್ ಲೇಟ್’, ‘ವಿದೌಟ್ ಟೇಕಿಂಗ್ ಲೀವ್’. ಇದು ಎಲ್ಲರಿಗೂ ತಿಳಿದದ್ದೇ. ಆದರೆ ಕೆಲವು ಕಡೆ ಟು ಕೂಡ ಬರಿಯ ಉಪಸರ್ಗವಾಗಿಯೇ ನಿಲ್ಲುತ್ತದೆ. ಆಗ ‘ಲುಕ್ ಫಾರ್ವರ್ಡ್ ಟು ಹಿಯರ್’ ತಪ್ಪು, ‘ಟು ಹಿಯರಿಂಗ್’ ಸರಿ. ಪರೀಕ್ಷೆ ಸುಲಭ: ಟು ಮುಂದೆ ಒಂದು ನಾಮಪದ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಕೂಡುತ್ತದಲ್ಲ, ಹಾಗಿದ್ದರೆ ಅಲ್ಲಿ ಇಂಗ್.

ಕೆಲಸಕ್ಕೆ ಅರ್ಜಿ ಹಾಕುವವರು ಒಂದು ಜೋಡಿಯನ್ನು ಮನಸ್ಸಿನಲ್ಲಿಡಬೇಕು. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಎಂದರೆ ಹಿಂದೆ ರಾತ್ರಿ ದುಡಿಯುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಎಂದರೆ ರಾತ್ರಿಪಾಳಿ ನನಗೆ ರೂಢಿ. ರಾತ್ರಿಪಾಳಿಗೆ ಜನ ಬೇಕಾದವರು ಯಾವ ಅರ್ಜಿಯನ್ನು ಕೈಯಲ್ಲಿ ಉಳಿಸಿಕೊಂಡಾರು, ನೀವೇ ಹೇಳಿ.

ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದ ಒಂದು ಪ್ರತಿ ಕಿಟಕಿ ಪಕ್ಕದ ಕಪಾಟಿನಲ್ಲಿದೆ. ಇಲ್ಲೇ ಕೂತು ನೋಡಬಹುದು, ಮನೆಗೆ ಒಯ್ಯುವ ಹಾಗಿಲ್ಲ. ಜವಾಬು, ರಜಾ ಅರ್ಜಿ, ದೂರು ಏನೇ ಇದ್ದರೂ ಅಂಚೆಗೆ ಹಾಕುವ ಮುಂಚೆ ಭಾನುವಾರ ಸಂಜೆ ತಂದರೆ ಕೂಡಿ ಕೂತು ಓದೋಣ. ಬರುವಾಗ ನಿಮ್ಮ ಮನಸ್ಸಿನ ಮಾತನ್ನು ಮೊದಲು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ತನ್ನಿ. ಆ ರಾಯಚೂರಿನ ನೆರೆಯವರು ಈಗ ಹಾಗೆಯೇ ತರುತ್ತಾರೆ. ನಾವು ಬರೆದದ್ದರ ಮೇಲೆ ಬೆರಳಿಟ್ಟು, "ಇಲ್ಲಿ ಟು ಏನ್ರಿ, ಇಂಗ್ ಏನ್ರಿ?" ಎಂದು ಕೇಳದೆ ಸಹಿ ಹಾಕುವುದಿಲ್ಲ.