ನಿಂತಂತೆ ಕಾಣುವ ಕ್ರಿಯೆಯ ಲೆಕ್ಕ

ಕೆರೆಗೆ ಬರುವ ನೀರೂ ತೂಬಿನಿಂದ ಹೊರಡುವ ನೀರೂ ಸಮನಾಗಿದ್ದರೆ ಮಟ್ಟವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಏರಿಯ ಮೇಲೆ ನಿಂತವರಿಗೆ ನೀರು ನಿಂತಂತೆಯೇ ತೋರುತ್ತದೆ. ಮುಚ್ಚಿದ ಪಾತ್ರೆಯೊಳಗೆ ಅನಿಲಗಳು ನಡೆಸುವ ಕ್ರಿಯೆಯೂ ಹೀಗೆಯೇ. ಕೂಡುವ ವೇಗವೂ ಒಡೆಯುವ ವೇಗವೂ ಸರಿಸಮವಾದಾಗ ಅದನ್ನು ಸಮತೋಲನವೆನ್ನುತ್ತಾರೆ. ಆಗ ಎಷ್ಟು ಕೂಡಿದೆ, ಎಷ್ಟು ಉಳಿದಿದೆ ಎಂಬುದರ ಪ್ರಮಾಣವನ್ನು ಹೇಳುವ ಸಂಖ್ಯೆಯೇ ಸಮತೋಲನ ಸ್ಥಿರಾಂಕ. ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬಿಬ್ಬರು 1864ರಲ್ಲಿ ಇದಕ್ಕೆ ತಳಹದಿ ಹಾಕಿದರು.

ಒಂದು ಲೆಕ್ಕವನ್ನು ಮಾಡಿಯೇ ನೋಡೋಣ. ಜಲಜನಕ 1 ಮೋಲ್, ಅಯೋಡಿನ್ ಆವಿ 1 ಮೋಲ್ ಸೇರಿಸಿ ಸುಮಾರು 450 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಟ್ಟರೆ, ಒಂದೊಂದರಲ್ಲಿಯೂ 0.78 ಮೋಲ್ ಕೂಡಿಹೋಗಿ 0.22 ಮೋಲ್ ಉಳಿಯುತ್ತದೆ. ಎರಡರ ಒಂದೊಂದು ಅಣು ಕೂಡಿದರೆ ಹೈಡ್ರೊಜನ್ ಅಯೊಡೈಡಿನ ಎರಡು ಅಣುಗಳಾಗುವುದರಿಂದ, ಹುಟ್ಟಿದ್ದು 1.56 ಮೋಲ್. ಎರಡು ಅಣುಗಳಾದ್ದರಿಂದ 1.56ನ್ನು ಅದರಿಂದಲೇ ಗುಣಿಸಬೇಕು, 2.43 ಬರುತ್ತದೆ. ಉಳಿದ 0.22ನ್ನು 0.22ರಿಂದ ಗುಣಿಸಿದರೆ 0.048. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 50. ಇದೇ ಸ್ಥಿರಾಂಕ. ಹೈಡ್ರೊಜನ್ ಅಯೊಡೈಡನ್ನೇ 2 ಮೋಲ್ ಹಾಕಿ ಒಡೆಯಲು ಬಿಟ್ಟರೂ ಕೊನೆಗೆ ಈ 50ಕ್ಕೇ ಬಂದು ನಿಲ್ಲುತ್ತದೆ. ಜರ್ಮನಿಯ ಬೋಡೆನ್‌ಸ್ಟೈನ್ 1890ರ ದಶಕದಲ್ಲಿ ಎರಡು ಕಡೆಯಿಂದಲೂ ಅಳೆದು ಇದನ್ನು ತೋರಿಸಿದನು. ಸ್ಥಿರವಾದ ಅಂಕ ಸ್ಥಿರಾಂಕ, ನಿಜ. ಆದರೆ ಉಷ್ಣತೆ ಬದಲಾಗದಿರುವ ತನಕ ಮಾತ್ರ.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಗದ್ದೆಗೆ ಹಾಕುವ ಗೊಬ್ಬರಕ್ಕೆ ಬೇಕಾದ ಅಮೋನಿಯ ಇದಕ್ಕೆ ಉತ್ತರ. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ ಕೂಡಿ ಎರಡು ಪಾಲು ಅಮೋನಿಯ ಆಗುತ್ತದೆ. ವಾತಾವರಣದ ಒತ್ತಡದಲ್ಲಿ, 1000 ಡಿಗ್ರಿಯ ಸುಮಾರಿಗೆ ಹಾಬರ್ ಅಳೆದಾಗ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ದೊರಕಿತು. ಅದೂ ಹೆಚ್ಚಾಯಿತೆಂದು 1907ರಲ್ಲಿ ನೆರ್ನ್‌ಸ್ಟ್ ತುಂಬಿದ ಸಭೆಯಲ್ಲಿ ಆಕ್ಷೇಪಿಸಿದನು. ಹಾಬರ್ ಮನನೊಂದರೂ ಕೈಬಿಡದೆ, ಒತ್ತಡವನ್ನು ಹೆಚ್ಚಿಸಿ ಮತ್ತೆ ಅಳೆದನು.

ಒತ್ತಡವೇ ಏಕೆ? ಪಾತ್ರೆಯಲ್ಲಿರುವ ಎಲ್ಲ ಅನಿಲಗಳ ಒತ್ತಡವನ್ನೂ ಇಮ್ಮಡಿ ಮಾಡಿದೆವೆನ್ನಿ. ಮೇಲಿನ ಅಮೋನಿಯದ ವರ್ಗ ನಾಲ್ಮಡಿಯಾಗುತ್ತದೆ. ಕೆಳಗೆ ಸಾರಜನಕ ಒಂದು ಸಲ, ಜಲಜನಕ ಮೂರು ಸಲ ಗುಣಿಸುವುದರಿಂದ ಹದಿನಾರು ಮಡಿ. ಭಾಗಲಬ್ಧ ಕಾಲು ಭಾಗಕ್ಕೆ ಕುಸಿಯಿತು! ಸ್ಥಿರಾಂಕವಾದರೋ ಬದಲಾಗುವಂತಿಲ್ಲ. ಆದಕಾರಣ ಮತ್ತಷ್ಟು ಅಮೋನಿಯ ಹುಟ್ಟಿ ಕೊರತೆಯನ್ನು ತುಂಬಲೇಬೇಕು. ಈ ಲೆಕ್ಕದ ದಾರಿಯಲ್ಲೇ ಹಾಬರ್ 1909ರಲ್ಲಿ ಹೆಚ್ಚಿನ ಒತ್ತಡದಲ್ಲಿ ಅಮೋನಿಯ ಇಳಿಸಿ ತೋರಿಸಿದನು. 1913ರಲ್ಲಿ ಒಪ್ಪೌ ಎಂಬಲ್ಲಿ ಕಾರ್ಖಾನೆ ನಡೆಯಿತು. ಕ್ರಿಯೆಯ ವೇಗವನ್ನು ಹೆಚ್ಚಿಸಲು ಬಳಸಿದ ಕ್ರಿಯಾವರ್ಧಕವು ಸಮತೋಲನವನ್ನು ಬೇಗ ತಂದಿತೇ ಹೊರತು ಸ್ಥಿರಾಂಕವನ್ನು ಮುಟ್ಟಲಿಲ್ಲ.

ನಿಮ್ಮ ಮನೆಯ ಮಕ್ಕಳು ಈ ಲೆಕ್ಕದಲ್ಲಿ ತಪ್ಪಿದರೆ, ಬಹಳ ಮಟ್ಟಿಗೆ ಅವರು ಮೊದಲು ಹಾಕಿದ ಪ್ರಮಾಣದಿಂದಲೇ ಭಾಗಿಸಿರುತ್ತಾರೆ. ಬೈಯಬೇಡಿ. “ಹಾಕಿದ್ದು ಹೋಗಲಿ, ಕೊನೆಗೆ ಉಳಿದದ್ದೆಷ್ಟು?” ಎಂದು ಕೇಳಿ, ಅವರೇ ತಿದ್ದಿಕೊಳ್ಳುತ್ತಾರೆ.